ಕೆಂಪು ಗೀಟಿನ ಕೆಳಗೆ ಎಂಟು, ಮೂರು, ಐದು

ಶನಿವಾರದಿಂದ ಒಂದು ಕೆಂಪು ಗೀಟು ಕಣ್ಣಿಂದ ಹೋಗುತ್ತಲೇ ಇಲ್ಲ.

ಹೋದ ತಿಂಗಳು ಮ್ಯಾಂಚೆಸ್ಟರಿನ ಹಳೆ ಸಾಮಾನಿನ ಸಂತೆಯಲ್ಲಿ ಐವತ್ತು ಪೆನ್ನಿ ಕೊಟ್ಟು ಒಂದು ಪೋಸ್ಟ್‌ಕಾರ್ಡ್ ತಂದಿದ್ದೆ. ಒಂದು ಕಡೆ ಕಡಲ ದಂಡೆಯ ಊರು ಬ್ಲ್ಯಾಕ್‌ಪೂಲಿನ ಟವರ್, ದಂಡೆ ತುಂಬಾ ಟೋಪಿ ಹಾಕಿಕೊಂಡ ಜನ. ಇನ್ನೊಂದು ಕಡೆ ಹಸಿರು ಬಣ್ಣದ ಅರ್ಧ ಪೆನ್ನಿ ಸ್ಟಾಂಪು. ಅದರ ಮೇಲೆ ಏಳನೇ ಎಡ್ವರ್ಡ್ ರಾಜ. ಮುದ್ರೆ ಜುಲೈ 1910ರದ್ದು, ಅಂದರೆ ಆ ರಾಜ ತೀರಿಕೊಂಡು ಎರಡು ತಿಂಗಳಾಗಿತ್ತು. ಪೆನ್ಸಿಲಿನಲ್ಲಿ ಬರೆದಿದ್ದು ನಾಲ್ಕೇ ಸಾಲು. ಬರ್ನ್‌ಲಿಯಲ್ಲಿದ್ದ ಅಕ್ಕನಿಗೆ ತಂಗಿ ಬರೆದದ್ದು.

‘ಅಮ್ಮ ನಿನ್ನೆ ಬೂಟು ಬಿಚ್ಚಿ ನೀರಿಗಿಳಿದಳು. ಬೂಟು ಹಿಡಿದು ನಿಂತೂ ನಿಂತೂ ನನಗೆ ಕಾಲು ನೋವು ಬಂತು, ಅವಳು ಮಾತ್ರ ಮೇಲೆ ಬರಲೊಲ್ಲಳು. ನೀನು ಹುಷಾರು.’

ಅಷ್ಟೇ. ಆದರೆ ಆ ಬೂಟು ಹಿಡಿದು ನಿಂತ ಹುಡುಗಿ ನನ್ನನ್ನು ಬಿಡಲಿಲ್ಲ.

ಇಂಗ್ಲೆಂಡಿನ ಲ್ಯಾಂಕಶೈರ್ ಸೀಮೆಯ ಹತ್ತಿ ಗಿರಣಿಗಳು ಬೇಸಿಗೆಯಲ್ಲಿ ಊರಿಗೊಂದು ವಾರದಂತೆ ಮುಚ್ಚುತ್ತಿದ್ದವು. ವೇಕ್ಸ್ ವಾರ ಅಂತ ಅದಕ್ಕೆ ಹೆಸರು. ಬರ್ನ್‌ಲಿಯದು ಜುಲೈನಲ್ಲಿ. ಊರಿಗೆ ಊರೇ ರೈಲು ಹತ್ತಿ ಬ್ಲ್ಯಾಕ್‌ಪೂಲಿಗೆ ಹೋಗುತ್ತಿತ್ತು. ಆ ವಾರ ಕೂಲಿ ಇಲ್ಲ. ವರ್ಷವಿಡೀ ಚಿಲ್ಲರೆ ಕೂಡಿಟ್ಟು, ಆ ದುಡ್ಡಲ್ಲೇ ಹೋಗಿಬರಬೇಕು. ಹಾಗಾದರೆ ಅಕ್ಕ ಯಾಕೆ ಮನೆಯಲ್ಲೇ ಉಳಿದಳು?

ಉತ್ತರ 1911ರ ಜನಗಣತಿಯಲ್ಲಿ ಸಿಕ್ಕಿತು. ನಮ್ಮ ಲೈಬ್ರರಿಯ ಕಂಪ್ಯೂಟರಿನಲ್ಲಿ ಅದನ್ನು ದುಡ್ಡಿಲ್ಲದೆ ನೋಡಬಹುದು. ಕಾರ್ಡಿನ ಮೇಲಿದ್ದ ವಿಳಾಸದಲ್ಲೇ ಅಕ್ಕನ ಸಂಸಾರ ಇತ್ತು: ಗಂಡ, ಹೆಂಡತಿ, ಎಂಟು ತಿಂಗಳ ಮಗು. ಗಣತಿ ಆದದ್ದು ಏಪ್ರಿಲ್ 2ರಂದು. ಬೆರಳು ಮಡಚಿ ಎಣಿಸಿದೆ. ಕಾರ್ಡು ಬಂದಾಗ ಅವಳು ತುಂಬು ಗರ್ಭಿಣಿ. ‘ನೀನು ಹುಷಾರು’ ಅಂದದ್ದು ಸುಮ್ನೆ ಅಲ್ಲ.

ಆಮೇಲೆ ಚರ್ಚಿನ ಮದುವೆ ದಾಖಲೆಯಲ್ಲಿ ಅಕ್ಕನ ತವರಿನ ಹೆಸರು ಸಿಕ್ಕಿತು. ಲ್ಯಾಂಕಶೈರಿನ ಚರ್ಚುಗಳ ಇಂಥ ಹಳೆ ದಾಖಲೆಗಳನ್ನು ಸ್ವಯಂಸೇವಕರು ಕೂತು ಟೈಪ್ ಮಾಡಿ ಎಲ್ಲರಿಗೂ ಉಚಿತವಾಗಿ ಇಟ್ಟಿದ್ದಾರೆ, ಅವರ ಹೊಟ್ಟೆ ತಣ್ಣಗಿರಲಿ. ತಂದೆ ಆಗಲೇ ಇಲ್ಲ ಅಂತ ಅಲ್ಲಿ ಬರೆದಿತ್ತು. ಆ ಹೆಸರು ಹಿಡಿದು ಹೋದಾಗ ತಾಯಿಯ ಮನೆಯ ಹಾಳೆ ತೆರೆದುಕೊಂಡಿತು.

ಇಂಗ್ಲೆಂಡಿನಲ್ಲಿ ಮನೆಯವರೇ ಕೈಯಾರೆ ತುಂಬಿದ ಹಾಳೆಗಳು ಉಳಿದಿರುವುದು 1911ರಿಂದ. ಹಾಗಾಗಿ ನಾನು ನೋಡುತ್ತಿದ್ದದ್ದು ಆ ತಾಯಿಯದೇ ಅಕ್ಷರ. ದಪ್ಪ, ಸ್ವಲ್ಪ ಬಲಕ್ಕೆ ವಾಲಿದ ಅಕ್ಷರ. ವಿಧವೆ, 51. ಮಗಳು, 19, ಹತ್ತಿ ನೇಯುವವಳು. ಮಗ, 16. ಪಕ್ಕದಲ್ಲಿ ಮೂರು ಅಂಕಿ. ಹುಟ್ಟಿದ ಮಕ್ಕಳು 8, ಬದುಕಿರುವವರು 3, ತೀರಿಕೊಂಡವರು 5. ಮೂರೂ ಅಂಕಿಗಳ ಮೇಲೆ ಒಂದೇ ಉದ್ದನೆಯ ಕೆಂಪು ಗೀಟು.

ಲೈಬ್ರರಿಯಲ್ಲಿ ಶನಿವಾರ ವಂಶಾವಳಿ ಹುಡುಕುವವರಿಗೆ ಸಹಾಯ ಮಾಡುವ ಹಿರಿಯರೊಬ್ಬರಿದ್ದಾರೆ. ಬಹಳ ಸಜ್ಜನರು, ತಾಳ್ಮೆ ಜಾಸ್ತಿ, ಆದರೆ ಎಲ್ಲಕ್ಕೂ ನಿಯಮ ನೋಡುವವರು. ಈ ಗೀಟು ಯಾಕೆ ಅಂತ ಕೇಳಿದೆ.

"ಆ ಪ್ರಶ್ನೆ ಗಂಡ ಬದುಕಿರುವ ಹೆಂಗಸರಿಗೆ ಮಾತ್ರ ಇತ್ತು. ವಿಧವೆಯರು ತುಂಬಿದ್ದನ್ನು ಹೊಡೆದುಹಾಕುತ್ತಿದ್ದರು. ಅವಳು ಬರೆಯಬೇಕಾಗಿಯೇ ಇರಲಿಲ್ಲ" ಅಂದರು.

"ಆದರೆ ಬರೆದಿದ್ದಾಳಲ್ವಾ?" ಅಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹೌದು, ಬರೆದಿದ್ದಾಳೆ" ಅಂದರು.

ಬಸ್ಸಿನಲ್ಲಿ ಬರುವಾಗಲೂ ಅದೇ, ಮನೆಯಲ್ಲಿ ಅನ್ನಕ್ಕೆ ಇಟ್ಟು ನಿಂತಾಗಲೂ ಅದೇ. ಬರೆಯಬೇಕಾಗಿರಲಿಲ್ಲ. ಬರೆದಿದ್ದಾಳೆ. ಗೀಟೆಳೆದ ಗುಮಾಸ್ತನ ಮೇಲೆ ನನಗೆ ಕೋಪ ಬಂದದ್ದು ನಿಜ, ಅವನ ಕೆಲಸ ಅವನು ಮಾಡಿದ ಅಂತ ಎಷ್ಟು ಸಮಾಧಾನ ಹೇಳಿಕೊಂಡರೂ ಹೋಗಲಿಲ್ಲ. ಸತ್ತ ಐದು ಮಕ್ಕಳ ಲೆಕ್ಕವನ್ನು ಜೀವಮಾನದಲ್ಲಿ ಮೊದಲ ಸಲ ಸರ್ಕಾರದ ಕಾಗದವೊಂದು ಕೇಳಿದೆ, ಈ ತಾಯಿ ಪೆನ್ನು ತಗೊಂಡು ಎಂಟು ಅಂತ ಬರೆದಿದ್ದಾಳೆ, ಎಲ್ಲೋ ಕಚೇರಿಯಲ್ಲಿ ಕೂತವನು ನಿನ್ನನ್ನು ಕೇಳಲಿಲ್ಲಮ್ಮ ಅಂದುಬಿಟ್ಟ.

ನನಗೆ ನಮ್ಮಜ್ಜಿ ನೆನಪಾದಳು. 2011ರಲ್ಲಿ ಅರಸೀಕೆರೆ ಹತ್ತಿರದ ನಮ್ಮೂರಿಗೆ ಗಣತಿಗೆ ಮೇಷ್ಟ್ರು ಬಂದಿದ್ದರು. ನಮ್ಮಲ್ಲಿ ಆ ಪ್ರಶ್ನೆ ವಿಧವೆಯರಿಗೂ ಇತ್ತು. ಜಗಲಿ ಮೇಲೆ ಕೂತಿದ್ದ ಚಿಕ್ಕಪ್ಪ "ನಾಲ್ಕು ಜನ ಸಾರ್" ಅಂದರು. ಒಳಗೆ ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿ ಅಲ್ಲಿಂದಲೇ, "ಆರು ಅಂತ ಬರ್ಕಳಿ ಮೇಷ್ಟ್ರೇ, ಇಬ್ರು ಉಳೀಲಿಲ್ಲ" ಅಂದಳು. ಚಿಕ್ಕಪ್ಪ ತಲೆ ತಗ್ಗಿಸಿದರು. ಅಲ್ಲಿಯವರೆಗೆ ಆ ಇಬ್ಬರ ವಿಚಾರ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ನಾನು ಕೇಳಿರಲಿಲ್ಲ. ಮೇಷ್ಟ್ರು ಬರೆದುಕೊಂಡರು. ಆ ಮೇಷ್ಟ್ರನ್ನು ಈ ವಾರ ಎಷ್ಟು ಸಲ ನೆನೆದೆನೋ!

ಭಾನುವಾರ ಬೆಳಿಗ್ಗೆಯಿಂದ ಇಂಗ್ಲೆಂಡಿನ ಜನನ ಮರಣ ಸೂಚಿ ತೆರೆದು ಕೂತೆ. ಜನನದ ಸಾಲಿನಲ್ಲಿ ತಾಯಿಯ ತವರಿನ ಹೆಸರೂ ಇರುವುದರಿಂದ ಒಂದೇ ತಾಯಿಯ ಮಕ್ಕಳನ್ನು ಜೋಡಿಸಬಹುದು. ಒಂದೊಂದು ಜನನಕ್ಕೂ ಒಂದೊಂದು ಮರಣ ಹುಡುಕಿದೆ. ವಯಸ್ಸು 0. ವಯಸ್ಸು 0. ವಯಸ್ಸು 1. ಮತ್ತೆ 0. ಕೊನೆಯದು 3. ಆ ಗಿರಣಿ ಊರುಗಳಲ್ಲಿ ಎಳೆ ಮಕ್ಕಳು ತುಂಬಾ ಸಾಯುತ್ತಿದ್ದರು ಅಂತ ಓದಿದ್ದೆ. ಓದುವುದೇ ಬೇರೆ, ಆ ಸೊನ್ನೆಗಳನ್ನು ಒಂದೊಂದಾಗಿ ಬರೆದುಕೊಳ್ಳುವುದೇ ಬೇರೆ.

ಈಗ ಕಾರ್ಡನ್ನು ಮತ್ತೆ ಓದಿದರೆ ಆ ನಾಲ್ಕು ಸಾಲು ಬೇರೆಯೇ ಕಾಣುತ್ತವೆ. ಐದು ಮಕ್ಕಳನ್ನು, ಗಂಡನನ್ನು ಮಣ್ಣು ಮಾಡಿದ ಐವತ್ತರ ಹೆಂಗಸು ಬೂಟು ಬಿಚ್ಚಿ ನೀರಿಗಿಳಿದಿದ್ದಾಳೆ. ಮೇಲೆ ಬರಲು ಮನಸ್ಸಿಲ್ಲ. ಮಗಳು ಬೈಯಲಿಲ್ಲ, ಕರೆಯಲಿಲ್ಲ, ಬೂಟು ಹಿಡಿದು ನಿಂತಳು. ಒಳ್ಳೆಯ ಹುಡುಗಿ.

ಕಾರ್ಡಿಗೆ ಒಂದು ಪ್ಲಾಸ್ಟಿಕ್ ಕವರ್ ತಂದೆ. ಜೊತೆಗೆ ಒಂದು ಚೀಟಿಯಲ್ಲಿ ಐದೂ ಮಕ್ಕಳನ್ನು ಹುಟ್ಟಿದ ಸಾಲಿನಂತೆ ಬರೆದು ಇಟ್ಟಿದ್ದೇನೆ. ನಾಲ್ಕಕ್ಕೆ ಹೆಸರಿದೆ. ಒಂದು, ಹೆಸರಿಡುವ ಮೊದಲೇ ಹೋದದ್ದು. ಸೂಚಿಯಲ್ಲಿ ಹೆಣ್ಣು ಅಂತಷ್ಟೇ ಇತ್ತು. ನಾನು ‘ಹೆಣ್ಣು ಮಗು’ ಅಂತ ಬರೆದೆ.