ವಾಕ್ಸ್‌ಹಾಲ್‌ನಿಂದ ವೆಸ್ಟ್‌ಮಿನ್‌ಸ್ಟರ್‌ಗೆ, ಇರಾಕ್ ಯುದ್ಧದ ಜಾಡು ಹಿಡಿದು

ಲಂಡನ್ನಿಗೆ ಬಂದ ಕನ್ನಡಿಗರು ಥೇಮ್ಸ್ ದಂಡೆಯ ಬಸವಣ್ಣನ ಪುತ್ಥಳಿಗೆ ಕೈಮುಗಿದು, ಫೋಟೊ ತೆಗೆಸಿಕೊಂಡು ಲಂಡನ್ ಐ ಕಡೆ ಹೊರಟುಬಿಡುತ್ತಾರೆ. 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಈ ಪುತ್ಥಳಿ ಇರುವುದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ನಡೆದರೆ ಎಂಐ6 ಬೇಹುಗಾರಿಕೆ ಸಂಸ್ಥೆಯ ಕಟ್ಟಡ. ಉತ್ತರಕ್ಕೆ ನಡೆದು ಲ್ಯಾಂಬೆತ್ ಸೇತುವೆ ದಾಟಿದರೆ ಸಂಸತ್ ಭವನ. 2003ರಲ್ಲಿ ಇರಾಕ್ ಮೇಲೆ ಯುದ್ಧ ಸಾರಲು ಬ್ರಿಟನ್ ಸರ್ಕಾರ ಕೊಟ್ಟ ಕಾರಣದ, ಅಂದರೆ ಅಲ್ಲಿ ಸಮೂಹನಾಶಕ ಅಸ್ತ್ರಗಳಿವೆ ಎಂಬ ವಾದದ ಹುಟ್ಟು, ಚರ್ಚೆ, ಕುಸಿತ ಎಲ್ಲವೂ ಸುಮಾರು ಎರಡು ಕಿಲೋಮೀಟರಿನ ಈ ದಾರಿಯ ಆಚೀಚೆಯೇ. ಅರ್ಧ ದಿನ ಬಿಡುವಿದ್ದರೆ ಮೇಣದ ಗೊಂಬೆಗಳನ್ನು ಬಿಟ್ಟು ಇಲ್ಲಿ ನಡೆಯಿರಿ.

ಎಂಐ6 ಒಳಗೆ ಯಾರಿಗೂ ಪ್ರವೇಶವಿಲ್ಲ, ವಾಕ್ಸ್‌ಹಾಲ್ ಸೇತುವೆಯ ಮೇಲಿಂದ ನೋಡಿದರೆ ಸಾಕು. ಆದೇಶ ಬಂದ 45 ನಿಮಿಷದಲ್ಲಿ ಇರಾಕ್ ರಾಸಾಯನಿಕ, ಜೈವಿಕ ಅಸ್ತ್ರ ಬಳಸಬಲ್ಲದು ಎಂಬ ಮಾಹಿತಿ ಈ ಸಂಸ್ಥೆಗೆ ಸಿಕ್ಕಿದ್ದು ಒಂದೇ ಮೂಲದಿಂದ. ಅದು ರಣರಂಗದಲ್ಲಿ ಬಳಸುವ ಅಸ್ತ್ರಗಳ ಮಾತು, ದೂರಗಾಮಿ ಕ್ಷಿಪಣಿಗಳದ್ದಲ್ಲ. 2002ರ ಸೆಪ್ಟೆಂಬರ್ 24ರಂದು ಟೋನಿ ಬ್ಲೇರ್ ಸರ್ಕಾರ ಹೊರತಂದ ದಾಖಲೆಯಲ್ಲಿ ಆ ವಿವರಣೆ ಮಾಯವಾಗಿತ್ತು, 45 ನಿಮಿಷ ಮಾತ್ರ ನಾಲ್ಕು ಕಡೆ ಇತ್ತು. ಗುಪ್ತಚರ ಅಂದಾಜುಗಳಲ್ಲಿದ್ದ ಅನುಮಾನ, ಷರತ್ತುಗಳು ಜನರ ಕೈಗೆ ಬರುವಷ್ಟರಲ್ಲಿ ಉದುರಿಹೋಗಿದ್ದನ್ನು ಆ ಗುಪ್ತಚರ ಮಾಹಿತಿಯನ್ನು ಪರಿಶೀಲಿಸಿದ 2004ರ ಬಟ್ಲರ್ ವರದಿ ಎತ್ತಿ ತೋರಿಸಿತು.

ಸಂಸತ್ತಿನ ಕೆಳಮನೆಯ ಸಾರ್ವಜನಿಕ ಗ್ಯಾಲರಿಗೆ ಟಿಕೆಟ್ ಹಣವಿಲ್ಲ. ಕ್ರಾಮ್‌ವೆಲ್ ಗ್ರೀನ್ ಗೇಟಿನಲ್ಲಿ ಸರದಿ ನಿಲ್ಲಬೇಕು. ಸಾಮಾನ್ಯವಾಗಿ ಕಲಾಪ ಸೋಮವಾರ ಮಧ್ಯಾಹ್ನ 2.30ಕ್ಕೆ, ಮಂಗಳವಾರ, ಬುಧವಾರ 11.30ಕ್ಕೆ ಶುರು. ಬುಧವಾರ ಪ್ರಧಾನಿ ಪ್ರಶ್ನೋತ್ತರಕ್ಕೆ ಸಂಸದರ ಮೂಲಕ ಟಿಕೆಟ್ ಪಡೆದ ಸ್ಥಳೀಯರಿಗೇ ಮೊದಲ ಜಾಗ, ಹೊರಗಿನವರು ಸೋಮವಾರ ಹೋಗುವುದೇ ಮೇಲು. ತಪಾಸಣೆ ವಿಮಾನ ನಿಲ್ದಾಣದಷ್ಟೇ ಬಿಗಿ. ಸೂಟ್‌ಕೇಸ್ ಎಳೆದುಕೊಂಡು ಬಂದರೆ ಸರದಿಯಲ್ಲಿ ನಿಂತದ್ದೆಲ್ಲ ವ್ಯರ್ಥ: ದೊಡ್ಡ ಸಾಮಾನನ್ನು ಒಳಗೆ ಬಿಡುವುದಿಲ್ಲ, ಇಟ್ಟುಕೊಳ್ಳುವುದೂ ಇಲ್ಲ. ಮೊದಲೇ ರೈಲು ನಿಲ್ದಾಣದ ಲಗೇಜ್ ಕೌಂಟರಿನಲ್ಲಿ ಇಟ್ಟು ಬನ್ನಿ.

ಗ್ಯಾಲರಿಯ ಗಾಜಿನಾಚೆ, ಕೆಳಗೆ ಕಾಣುವ ಹಸಿರು ಬೆಂಚುಗಳ ಹಿಂದಿನ ಸಾಲನ್ನು ಗಮನಿಸಿ. 2003ರ ಮಾರ್ಚ್ 17ರ ರಾತ್ರಿ ರಾಬಿನ್ ಕುಕ್ ಸಂಪುಟಕ್ಕೆ ರಾಜೀನಾಮೆ ಕೊಟ್ಟು ಹಿಂದಿನ ಬೆಂಚಿನಿಂದ ಮಾತಾಡಿದರು. ನಾಲ್ಕು ವರ್ಷ ವಿದೇಶಾಂಗ ಸಚಿವರಾಗಿದ್ದವರು, ಗುಪ್ತಚರ ವರದಿ ಓದಿ ಬಲ್ಲವರು. ಅವರ ವಾದ ಸರಳ: ಇರಾಕಿನ ಸೇನೆ ದುರ್ಬಲ, ಯುದ್ಧ ಬೇಗ ಮುಗಿಯುತ್ತದೆ ಎನ್ನುತ್ತೀರಿ, ಅದೇ ಇರಾಕ್ ನಮಗೆ ದೊಡ್ಡ ಅಪಾಯ, ಈಗಲೇ ದಾಳಿ ಮಾಡಬೇಕು ಎಂದೂ ಎನ್ನುತ್ತೀರಿ, ಎರಡೂ ಹೇಗೆ ಸಾಧ್ಯ? ಒಂದು ನಗರದ ಮೇಲೆ ಪ್ರಯೋಗಿಸಬಲ್ಲ ಸಮೂಹನಾಶಕ ಅಸ್ತ್ರ ಇರಾಕಿನಲ್ಲಿ ಬಹುಶಃ ಇಲ್ಲ ಎಂದರು. ನಿಶ್ಶಸ್ತ್ರೀಕರಣದ ಮುಖ್ಯ ಕೆಲಸ ಕೆಲವೇ ತಿಂಗಳಲ್ಲಿ ಮುಗಿಯಬಹುದೆಂದು ವಿಶ್ವಸಂಸ್ಥೆಯ ಶಸ್ತ್ರಾಸ್ತ್ರ ತಪಾಸಕರ ಮುಖ್ಯಸ್ಥ ಹ್ಯಾನ್ಸ್ ಬ್ಲಿಕ್ಸ್ ಹೇಳಿದ್ದನ್ನೂ ನೆನಪಿಸಿದರು. ಚಪ್ಪಾಳೆಯ ವಾಡಿಕೆಯೇ ಇಲ್ಲದ ಸದನದಲ್ಲಿ ಸದಸ್ಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೋಗುವ ಮುನ್ನ ಈ ಭಾಷಣ ಓದಿಕೊಳ್ಳಿ, ಹ್ಯಾನ್ಸಾರ್ಡ್ ಎಂಬ ಸದನದ ನಡಾವಳಿಯಲ್ಲಿ ಉಚಿತವಾಗಿ ಸಿಗುತ್ತದೆ.

ಮರುದಿನ, ಯುದ್ಧಕ್ಕೆ ಕಾರಣ ಇನ್ನೂ ಸಾಬೀತಾಗಿಲ್ಲ ಎಂಬ ತಿದ್ದುಪಡಿಗೆ 217 ಮತ ಬಿದ್ದವು, ವಿರುದ್ಧ 396. ಯುದ್ಧದ ಪರ 412, ವಿರುದ್ಧ 149. ಮತ ಹಾಕುವ ಮೊದಲು ಅಟಾರ್ನಿ ಜನರಲ್ ಅವರ ಅಭಿಪ್ರಾಯವೆಂದು ಸದನಕ್ಕೆ ಸಿಕ್ಕಿದ್ದು ಚಿಕ್ಕ ಲಿಖಿತ ಉತ್ತರ. ಕಾನೂನಿನ ಅನುಮಾನಗಳನ್ನೆಲ್ಲ ಬಿಡಿಸಿಟ್ಟಿದ್ದ ಮಾರ್ಚ್ 7ರ 13 ಪುಟಗಳ ಸಲಹೆ ಸದಸ್ಯರ ಕಣ್ಣಿಗೆ ಬೀಳಲಿಲ್ಲ. 45 ನಿಮಿಷದ ಗದ್ದಲಕ್ಕಿಂತ ಇದು ದೊಡ್ಡ ಅನ್ಯಾಯ. ಸೈನಿಕರನ್ನು ಸಾವಿನತ್ತ ಕಳಿಸುವ ಮತಕ್ಕೆ ಪೂರ್ತಿ ಕಾಗದ ಕೊಡದೆ ಕೈ ಎತ್ತಿಸಬಾರದಿತ್ತು.

ಹೊರಗೆ ಪಾರ್ಲಿಮೆಂಟ್ ಚೌಕದಲ್ಲಿ ಶಾಂತಿ ಹೋರಾಟಗಾರ ಬ್ರಯಾನ್ ಹಾ 2001ರಿಂದ ಸುಮಾರು ಹತ್ತು ವರ್ಷ ಬಿಡಾರ ಹೂಡಿ ಪ್ರತಿಭಟಿಸಿದ್ದರು. ಹತ್ತಿರದ ಕ್ವೀನ್ ಎಲಿಜಬೆತ್ 2 ಸೆಂಟರಿನಲ್ಲಿ 2016ರ ಜುಲೈ 6ರಂದು ಇರಾಕ್ ಯುದ್ಧದ ಅಧಿಕೃತ ವಿಚಾರಣೆಯ ಚಿಲ್ಕಾಟ್ ವರದಿ ಹೊರಬಂತು: 12 ಸಂಪುಟ, ಸುಮಾರು 26 ಲಕ್ಷ ಪದ. ಶಾಂತಿಯ ದಾರಿಗಳು ಮುಗಿಯುವ ಮೊದಲೇ ಯುದ್ಧಕ್ಕಿಳಿದರು, ಅಪಾಯವನ್ನು ಇಲ್ಲದ ಖಾತ್ರಿಯಿಂದ ಹೇಳಿದರು ಎಂದಿತು.

ಯುದ್ಧ ತಡೆಯಲಾಗದಿದ್ದರೂ ಯುದ್ಧ ನಿರ್ಧರಿಸುವ ಹಕ್ಕನ್ನು ಸಂಸತ್ತಿಗೆ ದೊರಕಿಸಿದೆ ಎಂಬರ್ಥದ ಕುಕ್ ಮಾತು ಎಡಿನ್‌ಬರೋದಲ್ಲಿ ಅವರ ಸಮಾಧಿ ಕಲ್ಲಿನ ಮೇಲಿದೆ. 2013ರಲ್ಲಿ ಸಿರಿಯಾ ಮೇಲಿನ ದಾಳಿಯ ಪ್ರಸ್ತಾವವನ್ನು ಸದನ 285-272 ಮತಗಳಿಂದ ತಳ್ಳಿಹಾಕಿದ್ದು ಆ ಹಕ್ಕಿನಿಂದಲೇ. 2018ರ ಏಪ್ರಿಲ್‌ನಲ್ಲಿ ಮಾತ್ರ ಥೆರೆಸಾ ಮೇ ಸರ್ಕಾರ ಸದನದ ಮತ ಕೇಳದೆಯೇ ಸಿರಿಯಾ ಮೇಲೆ ದಾಳಿ ಮಾಡಿತು. ಆ ಹಕ್ಕು ಬರೀ ವಾಡಿಕೆ, ಕಾನೂನಲ್ಲ.