ಬೋರ್ಡಿನ ಮೇಲೆ ಇನ್ನೂ ಮೂರು ಹೆಸರು

ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವ ನಾನು 'ಎರಡನೇ ಮಹಾಯುದ್ಧ, 1939–1945' ಎಂದು ಬರೆದು ಮುಂದಕ್ಕೆ ಹೋಗುವುದಿಲ್ಲ. ಪಕ್ಕದಲ್ಲೇ ಇನ್ನೂ ಮೂರು ಹೆಸರು ಬರೆಯುತ್ತೇನೆ. ಪರೀಕ್ಷೆಗೆ ಬರುವುದಿಲ್ಲ, ನಿಜ. ಆದರೂ ಬಿಡಲು ಮನಸ್ಸು ಬರುವುದಿಲ್ಲ.

ರಷ್ಯನ್ನರಿಗೆ ಅದು 'ಮಹಾ ದೇಶಭಕ್ತಿ ಯುದ್ಧ'. ನೆಪೋಲಿಯನ್ ದಂಡೆತ್ತಿ ಬಂದ 1812ರ ಯುದ್ಧಕ್ಕೂ ಅವರು ದೇಶಭಕ್ತಿಯ ಹೆಸರನ್ನೇ ಇಟ್ಟಿದ್ದರು. ಈ ಯುದ್ಧ ಶುರುವಾಗುವುದು 1941ರ ಜೂನ್ 22ಕ್ಕೆ, ಜರ್ಮನಿ ದಾಳಿ ಮಾಡಿದ ದಿನ. 1939ರ ಸೆಪ್ಟೆಂಬರ್‌ನಲ್ಲಿ ಸೋವಿಯತ್ ಸೇನೆಯೂ ಪೋಲೆಂಡಿಗೆ ನುಗ್ಗಿತ್ತಲ್ಲ, ಆ ಸಂಗತಿ ಈ ಹೆಸರಿನೊಳಗೆ ಬರುವುದೇ ಇಲ್ಲ.

ಚೀನಾದವರು ಹೇಳುವುದು 'ಜಪಾನ್ ವಿರುದ್ಧದ ಪ್ರತಿರೋಧ ಯುದ್ಧ'. 1937ರ ಜುಲೈ 7ರಂದು ಬೀಜಿಂಗ್ ಬಳಿಯ ಮಾರ್ಕೊ ಪೋಲೊ ಸೇತುವೆಯ ಹತ್ತಿರ ಗುಂಡಿನ ಚಕಮಕಿ ನಡೆದಲ್ಲಿಂದ ಲೆಕ್ಕ ಹಾಕಿ 'ಎಂಟು ವರ್ಷದ ಯುದ್ಧ' ಎನ್ನುತ್ತಿದ್ದರು. 2017ರಲ್ಲಿ ಅಲ್ಲಿನ ಸರ್ಕಾರ ಪಠ್ಯಪುಸ್ತಕಗಳಲ್ಲಿ ಅದನ್ನು ಹದಿನಾಲ್ಕು ವರ್ಷ ಮಾಡಿಸಿತು. ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದ ಮೇಲೆ ಜಪಾನ್ ಕೈಹಾಕಿದ 1931ರಿಂದ ಎಣಿಕೆ. ಇದರಲ್ಲಿ ರಾಜಕೀಯ ಇದ್ದೇ ಇದೆ. ಆದರೆ ಹಿಟ್ಲರ್ ಪೋಲೆಂಡ್ ಗಡಿ ದಾಟುವ ಹೊತ್ತಿಗೆ ಚೀನಾದ ನಾನ್‌ಜಿಂಗ್ ನಗರದಲ್ಲಿ ಜಪಾನ್ ಸೇನೆಯ ಹತ್ಯಾಕಾಂಡ ನಡೆದು ಒಂದೂವರೆ ವರ್ಷಕ್ಕೂ ಮೇಲಾಗಿತ್ತು. ಅಲ್ಲಿ ಸತ್ತವರನ್ನು 'ಯುದ್ಧಕ್ಕೆ ಮುಂಚೆ' ಎಂಬ ಖಾನೆಗೆ ಸೇರಿಸುವುದು ನನ್ನಿಂದ ಆಗದು.

ಜಪಾನಿನದು ಇನ್ನೂ ವಿಚಿತ್ರ. ಚೀನಾದಲ್ಲಿ ಲಕ್ಷಗಟ್ಟಲೆ ಸೈನ್ಯ ಇಳಿಸಿದ್ದರೂ ಸರ್ಕಾರಿ ಕಾಗದಗಳಲ್ಲಿ ಅದು ಬರೀ 'ಚೀನಾ ಘಟನೆ'. ಪರ್ಲ್ ಹಾರ್ಬರ್ ದಾಳಿಯಾದ ಮೇಲೆ, 1941ರ ಡಿಸೆಂಬರ್ 12ರಂದು, ಸಚಿವ ಸಂಪುಟ ಚೀನಾದ ಯುದ್ಧ, ಈ ಹೊಸ ಯುದ್ಧ ಎರಡನ್ನೂ ಸೇರಿಸಿ 'ಮಹಾ ಪೂರ್ವ ಏಷ್ಯಾ ಯುದ್ಧ' ಎಂದು ನಾಮಕರಣ ಮಾಡಿತು. ಸೋತ ಮೇಲೆ, 1945ರ ಡಿಸೆಂಬರ್‌ನಲ್ಲಿ, ಅಮೆರಿಕದ ಆಡಳಿತ ಸರ್ಕಾರಿ ಬರಹದಲ್ಲಿ ಆ ಹೆಸರನ್ನು ನಿಷೇಧಿಸಿತು. 'ಪೆಸಿಫಿಕ್ ಯುದ್ಧ' ಚಾಲ್ತಿಗೆ ಬಂತು. ಹಳೆಯ ಹೆಸರಿನ ದರ್ಪ ಹೋಯಿತು, ಸರಿ. ಜೊತೆಗೆ ಚೀನಾವೂ ಕಣ್ಮರೆಯಾಯಿತು ಎಂಬುದು ನನ್ನ ಸಂಕಟ.

ಮೊದಲನೇ ಯುದ್ಧದ ಪಾಠಕ್ಕೆ ನನ್ನ ಬಳಿ ಒಂದು ಪದಕದ ಫೋಟೋ ಇದೆ. ಪರಿಚಯದವರ ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದವರು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದ ಕುದುರೆ ಪಡೆಗಳಲ್ಲಿ ಅದೂ ಒಂದು. ಅವರ ವಿಜಯ ಪದಕ ಈಗಲೂ ಆ ಮನೆಯಲ್ಲಿದೆ. ಒಂದು ಬದಿಗೆ ರೆಕ್ಕೆ ಬಿಚ್ಚಿದ ದೇವತೆ, ಅಂಚಿನಲ್ಲಿ ಸವೆದ ಹೆಸರು. ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ 'ನಾಗರಿಕತೆಗಾಗಿ ನಡೆದ ಮಹಾಯುದ್ಧ, 1914–1919' ಎಂದು ಕೆತ್ತಿದ್ದಾರೆ.

ಮಕ್ಕಳು ಥಟ್ಟನೆ ಕೇಳುತ್ತಾರೆ: ಮೇಡಂ, ಯುದ್ಧ 1918ಕ್ಕೇ ನಿಂತಿತಲ್ಲ? ಗುಂಡು ನಿಂತಿದ್ದು ಆಗ, ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದಿದ್ದು 1919ರ ಜೂನ್‌ನಲ್ಲಿ ಎಂದು ವಿವರಿಸುತ್ತೇನೆ. ಆಮೇಲೆ ಅದೇ ವರ್ಷದ ಏಪ್ರಿಲ್ 13ರಂದು ಅಮೃತಸರದಲ್ಲಿ ಏನಾಯಿತು ಎಂದು ಅವರನ್ನೇ ಕೇಳುತ್ತೇನೆ. ಜಲಿಯನ್‌ವಾಲಾ ಬಾಗ್ ಪಾಠವನ್ನು ನಾನು ಶುರು ಮಾಡುವುದು ಅಲ್ಲಿಂದಲೇ.