ಅಪ್ಪನ ಪದ್ಮಿನಿಯ ಅಡಿಯಲ್ಲಿ ಮೂರು ಪದರ

ಏಪ್ರಿಲ್ ಕೊನೆಯ ವಾರ. ಪಿಯುಸಿ ಪೇಪರ್ ತಿದ್ದುವ ಕೆಲಸ ಮುಗಿಸಿ ಉಡುಪಿಗೆ ಬಂದಿದ್ದೆ. ಮನೆಯ ಶೆಡ್ಡಿನಲ್ಲಿ ಅಪ್ಪನ ಪ್ರೀಮಿಯರ್ ಪದ್ಮಿನಿ ನಾಲ್ಕು ಸ್ಟ್ಯಾಂಡ್ ಮೇಲೆ ನಿಂತಿತ್ತು. ಸೀಟು, ಮ್ಯಾಟು, ಪೆಟ್ರೋಲ್ ಟ್ಯಾಂಕ್ ಎಲ್ಲ ಬಿಚ್ಚಿ ಹೊರಗಿಟ್ಟಾಗಿತ್ತು. ತುಕ್ಕು ತಡೆಯಲು ಅಡಿಗೆ ಬಳಿದಿದ್ದ ಹಳೆ ಕಪ್ಪು ಕೋಟಿಂಗ್ ಕೆರೆದು ತೆಗೆಯಬೇಕಿತ್ತು. ಟಿಂಕರ್ ಮೇಸ್ತ್ರಿ ಗ್ರೈಂಡರಿಗೆ ತಂತಿಯ ಕಪ್ ಬ್ರಷ್ ಹಾಕಿಕೊಂಡು ರೆಡಿಯಾಗಿದ್ದರು.

"ಒಂದೇ ದಿನದ ಕೆಲಸ ಮೇಡಂ. ಸಂಜೆಯೊಳಗೆ ತಗಡು ಬಿಳಿ ಮಾಡಿ ಕೊಡ್ತೇನೆ."

"ಒಂದು ದಿನ ನಿಲ್ಲಿ ಮೇಸ್ತ್ರಿಯವರೇ. ಇದೇನು ಅಂತ ಮೊದಲು ನೋಡುವ" ಅಂದೆ.

ಅವರಿಗೆ ಆಶ್ಚರ್ಯ. ಡಾಂಬರಿನಲ್ಲಿ ನೋಡುವುದು ಏನಿದೆ, ಅಲ್ವಾ? ಆದರೆ ನಾನು ಗೋಣಿ ಹಾಸಿ ಕಾರಿನ ಅಡಿಗೆ ನುಸುಳಿ ಟಾರ್ಚ್ ಬಿಟ್ಟಾಗ ಕಂಡದ್ದು ಒಂದೇ ಕಪ್ಪು ಅಲ್ಲ. ಒಂದು ಕಡೆ ಎಣ್ಣೆ ಹಿಡಿದ ಹೊಳಪು, ಇನ್ನೊಂದು ಕಡೆ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ. ಚಕ್ರದ ಗೂಡಿನ ಅಂಚಿನಲ್ಲಿ ಬಿರುಕು ಬಿಟ್ಟ ಕೆರೆಯ ಕೆಸರಿನ ಹಾಗೆ ಚೂರುಚೂರು.

ಇದು 1982ರ ಗಾಡಿ. 1986ರಲ್ಲಿ ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಫಿಯಟ್ 1100ರ ವಿನ್ಯಾಸವನ್ನೇ ಇಟ್ಟುಕೊಂಡು ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಕಾರು, 1089 ಸಿಸಿ ಎಂಜಿನ್, ಗೇರು ಸ್ಟೇರಿಂಗಿನ ಪಕ್ಕದಲ್ಲಿ. ಒಂದು ವಿಷಯ ಮಾತ್ರ ಇಲ್ಲಿ ಹೇಳಲೇಬೇಕು. ಈ ಕಾರಿಗೆ ಲಾರಿ, ಜೀಪಿಗೆ ಇರುವ ಹಾಗೆ ಬೇರೆ ಚಾಸಿಸ್ ಇಲ್ಲ. ನಾವು ಕಾಲಿಡುವ ತಗಡು, ಬಾಗಿಲಿನ ಕೆಳಗಿನ ಪಟ್ಟಿ, ಚಕ್ರದ ಗೂಡು, ಇವೆಲ್ಲ ಸೇರಿಯೇ ಗಾಡಿಯ ಬೆನ್ನೆಲುಬು. ಫ್ಲೋರ್ ತುಕ್ಕು ತಿಂದರೆ ಹೋಗುವುದು ಚಂದ ಅಲ್ಲ, ಬಲ.

ನಮ್ಮ ಊರಿನಲ್ಲಿ ತುಕ್ಕಿಗೆ ಬೇಕಾದದ್ದು ಎಲ್ಲ ಇದೆ. ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ, ಉಳಿದ ತಿಂಗಳು ಕಡಲಿನ ಉಪ್ಪು ಗಾಳಿ. ಅದಕ್ಕೇ ಕರಾವಳಿಯವರು ಗಾಡಿಯ ಮೇಲಿನ ಪೇಂಟಿಗಿಂತ ಅಡಿಯ ಕೋಟಿಂಗಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದು. ಅಪ್ಪನೂ ಹಾಗೇ. ಅವರು ತೀರಿಕೊಂಡು ಆರು ವರ್ಷವಾಯಿತು. ಗಾಡಿಯ ಖರ್ಚು ಬರೆದ ಡೈರಿ ಮಾತ್ರ ಅಮ್ಮನ ಕಪಾಟಿನಲ್ಲಿ ಹಾಗೇ ಇದೆ.

ಡೈರಿ ಬಿಡಿಸಿದೆ. 1987 ಮೇ: "ಅಡಿಗೆ ಡಾಂಬರ್ ಕೋಟಿಂಗ್." 1996 ಮೇ: "ಫ್ಲೋರ್ ವೆಲ್ಡಿಂಗ್, ರಬ್ಬರ್ ಕೋಟಿಂಗ್, ರೂ. 1,850." ಮಧ್ಯೆ ಮತ್ತು ಆಮೇಲೆ ಪ್ರತಿ ವರ್ಷ ಮಳೆಗೆ ಮೊದಲು: "ವಾಟರ್ ಸರ್ವಿಸ್, ಆಯಿಲ್ ಸ್ಪ್ರೇ." ಹಾಗಾದರೆ ಮೂರು ಪದರ. ಬರೆದದ್ದು ನಿಜವೋ ಅಂತ ತಗಡಿನ ಮೇಲೆ ನೋಡಬೇಕಿತ್ತು.

ಕೆಮಿಸ್ಟ್ರಿ ಪಾಠ ಮಾಡುವವಳಿಗೆ ಇದು ಖುಷಿಯ ಕೆಲಸ. ಚಿಮಿಣಿ ಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ. ಪೇಂಟ್ ಅಂಗಡಿಯಿಂದ ಟರ್ಪಂಟೈನ್ ತಂದೆ. ಹಳೆ ಬಿಳಿ ಪಂಚೆಯ ತುಂಡು ಅದ್ದಿ, ಕೋಟಿಂಗಿನ ಮೇಲೆ ಒಂದು ನಿಮಿಷ ಒತ್ತಿ ಹಿಡಿದು ತೆಗೆದೆ. ಮೇಲಿನ ಪದರ ಕೂಡಲೇ ಬಟ್ಟೆಗೆ ಬಂತು, ಜಿಡ್ಡು ಜಿಡ್ಡಾಗಿ, ಮಣ್ಣಿನ ಜೊತೆ. ಉಗುರಿನಲ್ಲಿ ಗೀರಿದರೆ ಮೇಣದ ಹಾಗೆ ಸುರುಳಿ. ಅದು ಆಯಿಲ್ ಸ್ಪ್ರೇ. ಅದರ ಒಳಗಿನದು ಕರಗಲಿಲ್ಲ, ಉಬ್ಬಿತು. ಚೂರಿಯ ತುದಿಯಿಂದ ಎಳೆದರೆ ಸ್ವಲ್ಪ ಹಿಗ್ಗಿ, ಬಿಟ್ಟರೆ ವಾಪಸ್ ಹೋಗುತ್ತಿತ್ತು. ಅದು ರಬ್ಬರ್. ಅಂಚಿನಲ್ಲಿ ಬಿರುಕು ಬಿಟ್ಟಿದ್ದ ಚೂರಿಗೆ ಬಟ್ಟೆ ಒತ್ತಿದಾಗ ಗಟ್ಟಿ ಕಾಫಿ ಡಿಕಾಕ್ಷನ್ನಿನ ಬಣ್ಣ ಹರಡಿತು. ಡಾಂಬರ್. ಬಿಟುಮೆನ್, ಅಂದರೆ ಡಾಂಬರ್ ಇದ್ದರೆ ಟರ್ಪಂಟೈನ್, ಚಿಮಿಣಿ ಎಣ್ಣೆ ಯಾವುದರಲ್ಲೂ ಹೀಗೇ ಕಂದು ಬಣ್ಣ ಬಿಡುತ್ತದೆ. ಬಟ್ಟೆ ಬಿಳಿಯಾಗೇ ಉಳಿದು ಪದರವೂ ಮೆತ್ತಗಾಗದಿದ್ದರೆ ಅದು ಪಿವಿಸಿ ಪ್ಲಾಸ್ಟಿಕ್ ಇರಬಹುದು. ಅದಕ್ಕೆ ಬೆಂಕಿ ತೋರಿಸಲೇಬಾರದು, ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನ್ನುವ ವಿಷಗಾಳಿ ಬರುತ್ತದೆ. ನಮ್ಮ ಗಾಡಿಯಲ್ಲಿ ಅದು ಇರಲಿಲ್ಲ.

ಮೇಸ್ತ್ರಿಯ ಗ್ರೈಂಡರ್ ನಿಲ್ಲಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಹಳೆಯ ಕಾಲದ ಕೆಲವು ಅಂಡರ್‌ಕೋಟಿಂಗ್‌ಗಳಲ್ಲಿ ಕಲ್ನಾರು ಬೆರೆಸುತ್ತಿದ್ದರು. ಆಸ್ಬೆಸ್ಟಾಸ್ ಅಂದರೆ ಅದೇ. ಕಣ್ಣಿಗೆ ಅದರ ಎಳೆ ಕಾಣುವುದಿಲ್ಲ, ಒಣಗಿದ್ದನ್ನು ಗ್ರೈಂಡರಿನಲ್ಲಿ ಉಜ್ಜಿದರೆ ಧೂಳಿನ ಜೊತೆ ಶ್ವಾಸಕೋಶಕ್ಕೆ ಹೋಗಿ ಅಲ್ಲೇ ಕೂರುತ್ತದೆ. ಮೇಸ್ತ್ರಿ ಮೂವತ್ತು ವರ್ಷದಿಂದ ಬಾಯಿಗೆ ಬೈರಾಸು (ಟವೆಲ್) ಕಟ್ಟಿಕೊಂಡು ಈ ಕೆಲಸ ಮಾಡುತ್ತಿದ್ದಾರೆ. ಬೈರಾಸು ಇದಕ್ಕೆ ಏನೂ ಸಾಲದು. ನಾನು ಫಿಲ್ಟರ್ ಇರುವ ಎರಡು ಮಾಸ್ಕ್ ತಂದಿದ್ದೆ, ಒಂದು ಅವರಿಗೆ. ಒಣ ಉಜ್ಜಾಟ ಬೇಡ, ಒದ್ದೆ ಮಾಡಿಯೇ ಕೆರೆಯುವುದು ಅಂತ ತೀರ್ಮಾನವಾಯಿತು. ಅಲ್ಲದೆ ಡಾಂಬರಿಗೆ ಗ್ರೈಂಡರ್ ಹಿಡಿದರೆ ಬಿಸಿಗೆ ಕರಗಿ ತಗಡಿಗೆಲ್ಲ ಮೆತ್ತಿಕೊಳ್ಳುತ್ತದೆ. ಅದನ್ನು ಮೇಸ್ತ್ರಿಯೇ ಒಪ್ಪಿದರು.

ಡಾಂಬರಿನ ಕೆಳಗಿನ ಪ್ರೈಮರ್, ಅಂದರೆ ತಗಡಿಗೆ ಮೊದಲು ಬಳಿಯುವ ಬಣ್ಣ, ಕೆಂಪಗಿತ್ತು. ರೆಡ್ ಆಕ್ಸೈಡಾದರೆ ಅದು ಕಬ್ಬಿಣದ್ದು, ಹೆದರಬೇಕಿಲ್ಲ. ರೆಡ್ ಲೆಡ್ ಆದರೆ ಸೀಸ. ಒಂದು ಚಿಟಿಕೆ ಕೆರೆದು, ಅರೆದು, ಕಾಲೇಜಿನ ಲ್ಯಾಬಿನಲ್ಲಿ ತೆಳು ನೈಟ್ರಿಕ್ ಆಸಿಡ್ ಹಾಕಿ ನೋಡಿದೆ. ರೆಡ್ ಲೆಡ್ ಆಗಿದ್ದರೆ ಚಾಕಲೇಟ್ ಬಣ್ಣಕ್ಕೆ ತಿರುಗಬೇಕು. ತಿರುಗಲಿಲ್ಲ. ಆದರೂ ಮಾಸ್ಕ್ ತೆಗೆಯಲಿಲ್ಲ.

ಜಿಡ್ಡಿನ ಪದರ ಅರ್ಧ ದಿನದಲ್ಲಿ ಹೋಯಿತು. ಬ್ರೇಕಿನ ರಬ್ಬರ್ ಹೋಸಿಗೆ ಟರ್ಪಂಟೈನ್ ತಾಗಿದರೆ ಉಬ್ಬಿ ಹಾಳಾಗುತ್ತದೆ. ಮೊದಲೇ ಪ್ಲಾಸ್ಟಿಕ್ ಸುತ್ತಿದ್ದೆವು. ಎರಡನೆಯ ಪದರಕ್ಕೆ ಬಿಸಿಗಾಳಿ ಬಿಡುವ ಹೀಟ್ ಗನ್. ಹೊಗೆ ಏಳಬಾರದು, ಬರೀ ಮೆತ್ತಗಾಗಬೇಕು. ಅಷ್ಟಾದಾಗ ಪುಟ್ಟಿ ಬ್ಲೇಡ್ ತೂರಿಸಿದರೆ ರಬ್ಬರ್ ಪಟ್ಟಿಪಟ್ಟಿಯಾಗಿ ಎದ್ದು ಬರುತ್ತಿತ್ತು.

ಸೋಲಿಸಿದ್ದು ಡಾಂಬರ್. ಮಧ್ಯಾಹ್ನದ ಸೆಕೆಗೆ ಅದು ಬೆಲ್ಲದ ಪಾಕದ ಹಾಗೆ ಬ್ಲೇಡಿಗೆ ಅಂಟಿ ಎಳೆ ಎಳೆಯಾಗುತ್ತಿತ್ತು. ಮರುದಿನ ಬೆಳಗ್ಗೆ ಆರಕ್ಕೇ ಶೆಡ್ಡಿಗೆ ಹೋದೆ. ಅದೇ ಡಾಂಬರ್ ಆಗ ಗಟ್ಟಿ. ಚೀಸಲ್ ಇಟ್ಟು ಮೆಲ್ಲ ಕುಟ್ಟಿದರೆ ಅಲ್ಲಲ್ಲಿ ಸಿಡಿಯುತ್ತಿತ್ತು. ಆಗ ಹೊಳೆಯಿತು. ಇನ್ನೂ ತಂಪು ಮಾಡಿದರೆ?

ಹೊರದೇಶಗಳಲ್ಲಿ ಹಳೆ ಕಾರು ರಿಪೇರಿ ಮಾಡುವವರು ಇದಕ್ಕೆ ಡ್ರೈ ಐಸ್, ಅಂದರೆ ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್ ಬಳಸುತ್ತಾರೆ. ನಮಗೆ ಮಲ್ಪೆ ಇದೆ. ಬಂದರಿನ ಐಸ್ ಪ್ಲಾಂಟಿನಿಂದ, ಮೀನಿಗೆ ಹಾಕುವ ಪುಡಿ ಐಸನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತುಂಬಿಸಿ ತಂದೆ. ಮೂರು ಪಾಲು ಐಸಿಗೆ ಒಂದು ಪಾಲು ಕಲ್ಲುಪ್ಪು. ಉಪ್ಪು ಸೇರಿದರೆ ಐಸು ಸೊನ್ನೆಗಿಂತಲೂ ಕೆಳಗೆ ತಂಪಾಗುತ್ತದೆ. ಮಕ್ಕಳಿಗೆ ವರ್ಷ ವರ್ಷವೂ ಹೇಳಿಕೊಡುವ ಪಾಠವೇ ಇದು. ಉಪ್ಪುನೀರು ತಗಡಿಗೆ ತಾಗಿದರೆ ಕೆಲಸವೇ ಕೆಟ್ಟಿತು. ಹಾಗಾಗಿ ದಪ್ಪ ಪ್ಲಾಸ್ಟಿಕ್ ಚೀಲ, ಒಂದರೊಳಗೆ ಒಂದು. ಬಾಯಿ ಬಿಗಿದು, ಕಾರಿನ ಒಳಗಡೆ ಫ್ಲೋರಿನ ಮೇಲೆ ಚಪ್ಪಟೆಯಾಗಿ ಮಲಗಿಸಿದೆ. ಲ್ಯಾಬಿನ ಥರ್ಮೋಮೀಟರ್ ಸೊನ್ನೆಗಿಂತ 14 ಡಿಗ್ರಿ ಕೆಳಗೆ ತೋರಿಸಿತು.

ಇಪ್ಪತ್ತು ನಿಮಿಷ ಕಾದೆವು. ಮೇಸ್ತ್ರಿ ಮಾತಾಡಲಿಲ್ಲ. ಆಮೇಲೆ ಕೆಳಗೆ ಮಲಗಿ ಮರದ ಕೊಡತಿಯಿಂದ ಒಂದು ಏಟು ಕೊಟ್ಟರು. ಪಟ್ ಅಂತ ಸದ್ದು. ರೊಟ್ಟಿಯಷ್ಟು ದಪ್ಪದ, ಅಂಗೈ ಅಗಲದ ಒಂದು ತುಂಡು ಕೆಳಗಿಟ್ಟ ಅಡಿಕೆ ಹಾಳೆಯ ಮೇಲೆ ಬಿತ್ತು. ಎತ್ತಿ ತಿರುಗಿಸಿ ನೋಡಿದೆ. ಹೊರಗಿನ ಮೈ ಒರಟು. ಒಳಮೈ ಕನ್ನಡಿಯ ಹಾಗೆ ನುಣುಪು. ಅದರ ಮೇಲೆ ಫ್ಲೋರ್ ತಗಡಿನ ಏಣುಗಳ ಅಚ್ಚು ಗೆರೆಗೆರೆಯಾಗಿ ಮೂಡಿತ್ತು. ತಗಡಿನಲ್ಲಿ ಆ ಜಾಗದ ಕೆಂಪು ಪ್ರೈಮರ್ ನಿನ್ನೆ ಬಳಿದ ಹಾಗಿತ್ತು. 1987ರ ಡಾಂಬರ್ ಅಷ್ಟು ವರ್ಷ ನೀರನ್ನು ತಡೆದಿತ್ತು.

"ಮೀನಿನ ಐಸು!" ಅಂದರು ಮೇಸ್ತ್ರಿ. ಆಮೇಲೆ ಕೊಡತಿ ಕೆಳಗಿಡಲೇ ಇಲ್ಲ.

ಸಮತಟ್ಟು ಜಾಗದಲ್ಲೆಲ್ಲ ಹೀಗೇ ಉದುರಿತು. ಮೂಲೆ, ಮಡಿಕೆಗಳಲ್ಲಿ ಐಸು ನಡೆಯಲಿಲ್ಲ. ಅಲ್ಲಿಗೆ ಹೀಟ್ ಗನ್ನು, ಬಟ್ಟೆ, ಟರ್ಪಂಟೈನ್, ತಾಳ್ಮೆ.

ಮೂರನೆಯ ದಿನ ಡ್ರೈವರ್ ಸೀಟಿನ ಮುಂದೆ, ಕಾಲಿಡುವ ಜಾಗ. ಚೀಲ ಇಟ್ಟು, ಕಾದು, ಮೇಸ್ತ್ರಿ ಕುಟ್ಟಿದರು. ಪಟ್ ಅನ್ನಲಿಲ್ಲ, ದಬ್ ಅಂತು. ಇನ್ನೊಂದು ಏಟಿಗೂ ದಬ್. ಇಬ್ಬರೂ ಮುಖ ನೋಡಿಕೊಂಡೆವು. ಒಳಗಿನಿಂದ ನೋಡಿದರೆ ಅಲ್ಲಿ ದಪ್ಪ ಪುಟ್ಟಿಯ ಮೇಲೆ ಕಪ್ಪು ಪೇಂಟು, ಅನುಮಾನವೇ ಬರುವುದಿಲ್ಲ. ಕೆಳಗಿನಿಂದ ಬಿಸಿ ತೋರಿಸಿ ಬ್ಲೇಡ್ ತೂರಿಸಿದಾಗ ತುಂಡು ಬರಲಿಲ್ಲ, ಒಂದು ಎಳೆ ಬಂತು. ದಾರದ ಎಳೆ. ಎಳೆದಷ್ಟೂ ಬಂತು. ಅಡ್ಡ ಹಾಸು, ಉದ್ದ ಹಾಸು ಎಲ್ಲ ಕಾಣುವ ಹಾಗೆ ಡಾಂಬರಿನಲ್ಲಿ ಅದ್ದಿದ ಗೋಣಿ ಚೀಲದ ಚೌಕ ತುಂಡು. ಅದರ ಹಿಂದೆ ತಗಡೇ ಇಲ್ಲ. ನನ್ನ ಎರಡು ಅಂಗೈ ಸೇರಿಸಿದಷ್ಟು ತೂತು, ಅಂಚು ಹಪ್ಪಳದ ಹಾಗೆ ಪುಡಿಪುಡಿ.

1996 ಮೇ. ಫ್ಲೋರ್ ವೆಲ್ಡಿಂಗ್. ರೂ. 1,850.

ವೆಲ್ಡಿಂಗ್ ಮಾಡಿಯೇ ಇಲ್ಲ. ತೂತಿಗೆ ಗೋಣಿ ಅಂಟಿಸಿ, ಮೇಲೆ ರಬ್ಬರ್ ಕೋಟಿಂಗ್ ಹೊಡೆದು ದುಡ್ಡು ತಗೊಂಡಿದ್ದಾರೆ. ಆ ಗ್ಯಾರೇಜು ಈಗ ಇಲ್ಲ. ಅಪ್ಪ ಆಮೇಲೆ ಎಷ್ಟೋ ವರ್ಷ ಆ ಗೋಣಿಯ ಮೇಲೆ ಕಾಲಿಟ್ಟು ಗಾಡಿ ಓಡಿಸಿದರು. ನನ್ನನ್ನೂ ತಮ್ಮನನ್ನೂ ಶಾಲೆಗೆ ಬಿಟ್ಟದ್ದು ಇದರಲ್ಲೇ. ಆಗುಂಬೆ ಘಾಟಿ ಹತ್ತಿದ್ದೂ ಇದರಲ್ಲೇ. ನನಗೆ ಅಲ್ಲೇ ಕುಳಿತು ಅಳು ಬಂತು. ಕಾಸು ಕಾಸು ಬರೆದಿಟ್ಟ ಮನುಷ್ಯ, ಅಡಿಗೆ ಬಗ್ಗಿ ನೋಡಿದರೂ ಗೊತ್ತಾಗದ ಹಾಗೆ ಮೋಸ ಹೋಗಿದ್ದರು. ಮೇಸ್ತ್ರಿ ಮಾಸ್ಕ್ ತೆಗೆದು, "ಕಪ್ಪು ಬಳಿದರೆ ಯಾರಿಗೆ ಕಾಣ್ತದೆ ಮೇಡಂ" ಅಂತ ಇಷ್ಟೇ ಹೇಳಿ ತಗಡಿನ ದಪ್ಪ ಅಳೆಯುವ ಗೇಜ್ ಪಟ್ಟಿ ಹುಡುಕಲು ಹೋದರು.

ಹಳೆ ಕಾರು ತಗೊಳ್ಳಲು ಹೊರಟವರಿಗೆ ನಾನು ಈಗ ಇದನ್ನೇ ಹೇಳುತ್ತೇನೆ. ಅಡಿಭಾಗ ಹೊಸದಾಗಿ ಕಪ್ಪಗೆ ಮಿರಿಮಿರಿ ಅಂತಿದ್ದರೆ ಖುಷಿ ಪಡಬೇಡಿ. ಬೆರಳ ಗಂಟಿನಿಂದ ಇಂಚಿಂಚಿಗೂ ತಟ್ಟಿ. ತಗಡಿನ ಸದ್ದು ಬೇರೆ, ಪುಟ್ಟಿಯ ಸದ್ದು ಬೇರೆ. ಸ್ಕ್ರೂಡ್ರೈವರಿನಿಂದ ಒತ್ತಲು ಗಾಡಿಯವರು ಬಿಡದಿದ್ದರೆ ಅಲ್ಲಿಂದ ಎದ್ದು ಬನ್ನಿ. ಕೋಟಿಂಗ್ ಒಳ್ಳೆಯದೇ. ಆದರೆ ಗಟ್ಟಿಯಾಗಿ ಒಂದು ಕಡೆ ಬಿರುಕು ಬಿಟ್ಟಿತೋ, ಅದೇ ನೀರನ್ನು ಒಳಗೆ ಹಿಡಿದಿಟ್ಟು ತಗಡನ್ನು ತಿನ್ನುತ್ತದೆ. ನಮ್ಮ ಚಕ್ರದ ಗೂಡಿನಲ್ಲಿ ಆದದ್ದು ಅದು.

ಪುಡಿಯಾದಷ್ಟು ತಗಡನ್ನು ಕತ್ತರಿಸಿ ತೆಗೆದು 18 ಗೇಜಿನ ಶೀಟ್ ಕೂರಿಸಿದರು ಮೇಸ್ತ್ರಿ. ವೆಲ್ಡಿಂಗ್ ಆಗುವಾಗ ನೀರಿನ ಬಕೆಟ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಮೇಲೆ ಎಪಾಕ್ಸಿ ಪ್ರೈಮರ್. ಈ ಸಲ ಡಾಂಬರ್ ಬೇಡ ಅಂದಿದ್ದೇನೆ. ಮೇಣದಂಥ ತೆಳು ಕೋಟಿಂಗ್ ಸಾಕು, ಒಳಗೇನಾಗ್ತಿದೆ ಅಂತ ಪ್ರತಿ ಮೇ ತಿಂಗಳು ಬಗ್ಗಿ ನೋಡಬಹುದು.

ಸಂಜೆ ಅಮ್ಮ ನನ್ನ ಕೈಗೆ ತೆಂಗಿನೆಣ್ಣೆ ಸುರಿದು ಬೈರಾಸಿನಿಂದ ತಿಕ್ಕಿ ತಿಕ್ಕಿ ಡಾಂಬರ್ ತೆಗೆದರು. ಟರ್ಪಂಟೈನಿನಲ್ಲಿ ಕೈ ತೊಳೆದರೆ ಚರ್ಮ ಒಡೆಯುತ್ತದೆ, ತೆಂಗಿನೆಣ್ಣೆಗೂ ಡಾಂಬರ್ ಬಿಡುತ್ತದೆ. ಉದುರಿದ್ದನ್ನೆಲ್ಲ ಬಚ್ಚಲ ಒಲೆಗೆ ಹಾಕುವ ಅಂದ ಮೇಸ್ತ್ರಿಯ ಜೊತೆಯ ಹುಡುಗ. ಬೇಡ ಅಂದೆ. ಒದ್ದೆ ಮಾಡಿ, ಎರಡು ಪೇಂಟ್ ಡಬ್ಬದಲ್ಲಿ ತುಂಬಿ ಮುಚ್ಚಳ ಬಿಗಿದಿದ್ದೇವೆ. ಟರ್ಪಂಟೈನ್ ಬಟ್ಟೆಗಳನ್ನು ಮುದ್ದೆ ಮಾಡಿ ಇಡದೆ ಅಂಗಳದ ತಂತಿಯ ಮೇಲೆ ಹರಡಿದ್ದೇವೆ.

ಗೋಣಿ ತುಂಡನ್ನು ಅಮ್ಮನಿಗೆ ತೋರಿಸಲಿಲ್ಲ. ಎಡಗಡೆಯ ಹಿಂದಿನ ಚಕ್ರದ ಗೂಡು ಇನ್ನೂ ಬಾಕಿ ಇದೆ. ನಾಳೆ ಬೆಳಗ್ಗೆ ಐದೂವರೆಗೆ ಇನ್ನೊಂದು ಪೆಟ್ಟಿಗೆ ಐಸಿಗೆ ಹೇಳಿಟ್ಟಿದ್ದೇನೆ.